ಅತ್ತೆ ಕೂರುತ್ತಿದ್ದ ಸೀಟು

ಮೊನ್ನೆ ಕಾರಿನ ಮುಂದಿನ ಚಕ್ರದ ಹಿಂದೆ ಕೈ ಹಾಕಿ ತಡಕಿದಾಗ ಅಂಗೈ ತುಂಬ ಕಪ್ಪು ಗ್ರೀಸು ಮೆತ್ತಿಕೊಂಡಿತು. ಒಳಗಿನ ಕೀಲಿಗೆ ಹೊದಿಸಿದ್ದ ರಬ್ಬರ್ ಬೂಟು ಹರಿದು, ಗ್ರೀಸೆಲ್ಲ ಚಕ್ರದ ಒಳಮೈಗೆ ಸಿಡಿದಿತ್ತು. ಕಾರು ತಿರುಗುವಾಗ ಕಟಕಟ ಅನ್ನುತ್ತಿದೆ ಎಂದು ಹೆಂಡತಿ ಹೇಳುತ್ತಲೇ ಇದ್ದಳು, ನಾನು ನೋಡೋಣ ನೋಡೋಣ ಎಂದು ದಿನ ದೂಡಿದ್ದೆ. ಸೋಪಿನಲ್ಲಿ ಎಷ್ಟು ಉಜ್ಜಿದರೂ ಆ ವಾಸನೆ ಹೋಗಲಿಲ್ಲ. ಊಟಕ್ಕೆ ಕೂತು ಮುದ್ದೆ ಮುರಿಯುವಾಗಲೂ ಕೈಯಿಂದ ಅದೇ ವಾಸನೆ... ಎದುರುಮನೆ ಮಾವ ನೆನಪಾದರು. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಮಾವ ಎಂದರೆ ಸಂಬಂಧವೇನಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹಿರಿಯರೆಲ್ಲ ಮಾವ, ಅವರ ಹೆಂಡತಿಯರೆಲ್ಲ ಅತ್ತೆ. ನಮ್ಮದು ಬೇಸಾಯದ ಮನೆ, ಮಗ್ಗ ಹಾಕಿದ್ದು ಆಮೇಲೆ. ಮಾವನ ಮನೆಯಲ್ಲಿ ಅವರ ತಾತನ ಕಾಲದಿಂದಲೂ ಸೀರೆ ನೇಯುತ್ತಿದ್ದರು. ಬೆಳಗಿನಿಂದ ಎರಡೂ ಕಡೆಯ ಪವರ್‌ಲೂಮುಗಳು ಬಡಿಯುತ್ತಿದ್ದರೆ ಬೀದಿಯಲ್ಲಿ ಮಾತಾಡುವವರು ಬಾಯಿಗಿಂತ ಕೈಯನ್ನೇ ಹೆಚ್ಚು ಬಳಸಬೇಕಿತ್ತು. ಶೆಡ್ಡಿನೊಳಗಂತೂ ತುಟಿ ನೋಡಿಯೇ ಮಾತು ತಿಳಿಯಬೇಕು. ಕರೆಂಟು ಹೋದಾಗ ಮಗ್ಗ ನಿಂತರೂ ನಾವು ಸ್ವಲ್ಪ ಹೊತ್ತು ಕಿರುಚುತ್ತಲೇ ಇರುತ್ತಿದ್ದೆವು. ಹೊರಗಿನಿಂದ ಬಂದ ನೆಂಟರು ಏನು ಜಗಳವೋ ಎಂದು ಗಾಬರಿಯಾಗುತ್ತಿದ್ದರು.

ಕೈಯಲ್ಲಿ ಶಕ್ತಿ ಇರುವಾಗಲೇ ಮಗ್ಗ ಮಾರಿ ಮಾವ ಒಂದು ಹಳೆಯ ಬಿಳಿ ಕಾರು ಕೊಂಡರು. ದಿನಾ ಬೆಳಿಗ್ಗೆ ಅದಕ್ಕೆ ಎಣ್ಣೆಸ್ನಾನ ಒಂದು ಬಿಟ್ಟು ಉಳಿದೆಲ್ಲ ಉಪಚಾರ. ಬೀದಿಯ ಯಾರಿಗೆ ಹುಷಾರಿಲ್ಲದಿದ್ದರೂ, ಯಾರ ಮನೆಯ ಹೆಣ್ಣು ನೋಡುವ ಶಾಸ್ತ್ರವಿದ್ದರೂ ಮಾವನ ಕಾರೇ. ಮಾಕಳಿದುರ್ಗದ ಬೆಟ್ಟ ಹತ್ತಲು ಬಂದು ರೈಲು ತಪ್ಪಿಸಿಕೊಂಡವರನ್ನೂ ಕೂರಿಸಿಕೊಂಡು ಬಂದದ್ದುಂಟು. ಎಲ್ಲಿಗೆ ಹೊರಟರೂ ಮುಂದಿನ ಸೀಟು ಮಾತ್ರ ಅತ್ತೆಯದು. ಎಷ್ಟೇ ದೊಡ್ಡ ಮನುಷ್ಯರು ಹತ್ತಿದರೂ ಹಿಂದೆಯೇ. ಅತ್ತೆಯ ಬಲಗೈ ದಾರಿಯುದ್ದಕ್ಕೂ ಮಾವನ ಮೊಣಕಾಲಿನ ಮೇಲೆ. ಆಗಾಗ ಮೆಲ್ಲಗೆ ತಟ್ಟುತ್ತಿದ್ದರು. ಬೀದಿಯ ಹೆಂಗಸರಿಗೆ ನಗಲು ಅಷ್ಟು ಸಾಕಾಗಿತ್ತು. ಹೊಸದಾಗಿ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿಯೂ ಜಗಲಿಯ ಮೇಲೆ ನಿಂತು, "ನೋಡಿ ಕಲ್ತ್ಕೊಳ್ರೀ ಸ್ವಲ್ಪ" ಎಂದು ನನ್ನನ್ನು ತಿವಿಯುತ್ತಿದ್ದಳು.

ಅವರ ಮಗಳಿಗೆ ಹೊಸಕೋಟೆಯಲ್ಲಿ ಗಂಡನ ಮನೆ. ತವರಿಗೆ ಬರುವ ಮೊದಲೇ, ದಿನ ತುಂಬುವ ಮುಂಚೆ, ಅಲ್ಲೇ ಹೆರಿಗೆಯಾಗಿಬಿಟ್ಟಿತು. ಅತ್ತೆ ಓಡಿದರು, ಬಾಣಂತನಕ್ಕೆಂದು ಅಲ್ಲೇ ಉಳಿದರು. ಬಾಣಂತಿಯನ್ನೂ ಮಗುವನ್ನೂ ಒಳ್ಳೆಯ ದಿನ ನೋಡಿ ಇಲ್ಲಿಗೆ ಕರೆತರುವುದೆಂದು ಮಾತಾಯಿತು. ಅಳಿಯ ಟ್ಯಾಕ್ಸಿ ಮಾಡಿಕೊಂಡು ಬರುತ್ತೇನೆ ಎಂದರೆ ಮಾವ ಕೆರಳಿದರು. ಮೊಮ್ಮಗಳು ಮೊದಲನೇ ಸಲ ಮನೆಗೆ ಬರುವುದು ತನ್ನ ಕಾರಿನಲ್ಲೇ, ತಾನು ಓಡಿಸಿಕೊಂಡೇ... ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು.

ಆ ಕಾರು ಕಟಕಟ ಶುರುಮಾಡಿದ್ದು ಅದೇ ದಿನಗಳಲ್ಲಿ. ಬೀದಿಯ ತಿರುವಿನಲ್ಲಿ ಸ್ಟೇರಿಂಗು ತಿರುಗಿಸಿದರೆ ಸಾಕು, ಜಗಲಿಯವರೆಗೂ ಸದ್ದು ಕೇಳುತ್ತಿತ್ತು. ನಾನು ಹೇಳಿದೆ. "ಟೈರಿಗೆ ಕಲ್ಲು ಸಿಕ್ಕೊಂಡಿರುತ್ತೆ ಬಿಡೋ" ಎಂದರು. ಮಾರನೆಯ ದಿನವೂ ಕಲ್ಲು, ಅದರ ಮಾರನೆಯ ದಿನವೂ ಕಲ್ಲು. ಕೊನೆಗೆ ಹಸುಗೂಸಿನ ಹೆಸರೆತ್ತಿ, ದಾರಿ ಮಧ್ಯೆ ನಿಂತುಬಿಟ್ಟರೆ ಏನು ಗತಿ ಎಂದು ಗೋಗರೆದು ಗ್ಯಾರೇಜಿಗೆ ಹೊರಡಿಸಿದೆ.

ಗ್ಯಾರೇಜಿನವನು ಚಕ್ರದ ಹಿಂದೆ ಟಾರ್ಚು ಬಿಟ್ಟು ನೋಡಿ ಎದ್ದ. ಅವನ ಮೈಯೆಲ್ಲ ಇದೇ ವಾಸನೆ. "ಎರಡೂ ಕಡೆ ಬೂಟ್ ಹರ್ದಿದೆ ಯಜಮಾನ್ರೇ. ಯಾವ್ ಕಡೆ ಆಕ್ಸೆಲ್ ಜಾಯಿಂಟ್ ಹೋಗಿದೆ ಅಂತ ಸದ್ದಲ್ಲೇ ತಿಳ್ಕೋಬೇಕು. ಎಡಕ್ಕೆ ತಿರುಗಿಸ್ದಾಗ ಬಂದ್ರೆ ಬಲಗಡೇದು, ಬಲಕ್ಕೆ ತಿರುಗಿಸ್ದಾಗ ಬಂದ್ರೆ ಎಡಗಡೇದು. ಈ ಮಗ್ಗದ ಗಲಾಟೇಲಿ ಇಲ್ಲಿ ಏನೂ ಗೊತ್ತಾಗಲ್ಲ. ಮೈದಾನದಲ್ಲಿ ಎರಡು ಕಡೆಗೂ ಸುತ್ತು ಹೊಡ್ಕೊಂಡು ಬಂದು ಹೇಳಿ" ಎಂದು ಇನ್ನೊಂದು ಗಾಡಿಯ ಕೆಳಗೆ ನುಸುಳಿದ.

ರಾಜಘಟ್ಟದ ಕಡೆಯ ರಸ್ತೆಯ ಪಕ್ಕದ ಬಯಲಿಗೆ ಹೋದೆವು. ಅತ್ತೆಯ ಸೀಟಿನಲ್ಲಿ ನಾನು ಕೂತಿದ್ದೆ. ಕಿಟಕಿ ಇಳಿಸಿದ್ದೆವು. ಮಾವ ಸ್ಟೇರಿಂಗು ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಸುತ್ತು ಹಾಕಿದರು. ಮಗ್ಗದ ಲಾಳಿ ಬಡಿದ ಹಾಗೆ ಕಟಕಟಕಟ. ಬಲಕ್ಕೆ ತಿರುಗಿಸಿದರು, ಸದ್ದೇ ಇಲ್ಲ. ಮಾವನ ಕಣ್ಣು ಮಾತ್ರ ಬಯಲಿನ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಕಾರು ಅವರದು, ಅವರೇ ಹೇಳಲಿ ಎಂದು ನಾನು ಮುಖದಲ್ಲಿ ಏನೂ ತೋರಿಸದೆ ಕೂತೆ.

"ಬಲಕ್ಕೆ ತಿರುಗಿಸ್ದಾಗಲೇ ಬರೋದು" ಎಂದರು ಮಾವ.

"ಎಡಕ್ಕೆ ಅಲ್ವಾ ಮಾವ?" ಎಂದೆ.

ಅವರ ಮುಖ ಕೆಂಪಾಯಿತು. "ಲೇ, ಅಷ್ಟು ಮಗ್ಗ ಓಡ್ತಿರುವಾಗ ಯಾವ ಮಗ್ಗದಲ್ಲಿ ಎಳೆ ಕಡಿದಿದೆ ಅಂತ ಸದ್ದಲ್ಲೇ ಹೇಳ್ತಿದ್ದೋನು ಕಣೋ ನಾನು. ನಂಗೆ ಸದ್ದು ಹೇಳ್ಕೊಡ್ತೀಯಾ ನೀನು?"

ಗ್ಯಾರೇಜಿನವನು ಯಜಮಾನರ ಮಾತು ಕೇಳುತ್ತಾನೆಯೇ ಹೊರತು ಪಕ್ಕದಲ್ಲಿ ಕೂತವನದ್ದಲ್ಲ. ಎಡಗಡೆಯದನ್ನು ಬದಲಿಸಿ, ಎರಡೂ ಕಡೆ ಹೊಸ ಬೂಟು ಹಾಕಿದ. ಕಾರು ಬಿಡಿಸಿಕೊಂಡು ಬರುವಾಗ ಮಾವನಿಗೆ ಖುಷಿಯೋ ಖುಷಿ. ಮೊದಲನೇ ಎಡತಿರುವಿನಲ್ಲಿ ಅದೇ ಕಟಕಟ. "ನೋಡ್ದಾ, ಈಗ ಎಷ್ಟು ಸೈಲೆಂಟು!" ಎಂದು ಮಾವ ನನ್ನ ಕಡೆ ತಿರುಗಿದರು. ಈ ಸಲ ಮುಖ ಮುಚ್ಚಿಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಜೀವನವಿಡೀ ತುಟಿ, ಮುಖ ಓದಿ ಬದುಕಿದವರು, ಕ್ಷಣದಲ್ಲಿ ಓದಿಬಿಟ್ಟರು.

ಸ್ವಲ್ಪ ಮುಂದೆ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿದರು. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು.

"ಇನ್ನೂ ಬರ್ತಾ ಇದ್ಯೇನೋ?"

ಹೌದೆಂದು ತಲೆಯಾಡಿಸಿದೆ.

ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ನಿಮ್ಮತ್ತೆ ಪಕ್ಕದಲ್ಲಿದ್ದಿದ್ರೆ ತಟ್ಟಿ ಹೇಳೋಳು. ಹಿಂದೆ ಯಾರಾದ್ರೂ ಹಾರ್ನ್ ಮಾಡಿದ್ರೆ ತಟ್ಟೋಳು, ಆಂಬುಲೆನ್ಸ್ ಬಂದ್ರೆ ತಟ್ಟೋಳು. ಜನ ನಗ್ತಾರೆ ಕಣೇ ಅಂದ್ರೆ, ನಗ್ಲಿ ಬಿಡಿ, ಈ ವಯಸ್ಸಲ್ಲಿ ಸರಸ ಆಡ್ತಾರೆ ಅಂತ ಅನ್ಕೊಳ್ಲಿ, ಕಿವುಡ ಅನ್ನೋದಕ್ಕಿಂತ ಅದೇ ವಾಸಿ ಅನ್ನೋಳು..." ಹೆಗಲ ಟವೆಲಿನಿಂದ ಕಣ್ಣು ಒತ್ತಿಕೊಂಡರು. "ಕೂಸನ್ನ ಕೂರಿಸ್ಕೊಂಡು ಹೆಂಗಪ್ಪಾ ಓಡಿಸ್ಲಿ ನಾನು?"

ಅಷ್ಟು ವರ್ಷ ಜಗಲಿಯ ಮೇಲೆ ನಿಂತು ನಾವೆಲ್ಲ ನಕ್ಕದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ನನಗೆ ನಾಚಿಕೆಯಿಂದ ಕುಗ್ಗಿಹೋದಂತಾಯಿತು. ಆದರೆ ಅವರು ಪಟ್ಟ ನಾಚಿಕೆಯ ಮುಂದೆ ನನ್ನದು ಏನೂ ಅಲ್ಲ. ಹಿರಿಯರೊಬ್ಬರು ಅಷ್ಟು ಸಣ್ಣದಾಗಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ನೋಡಬಾರದಿತ್ತು ಎಂದೂ ಅನ್ನಿಸಿತು.

ಬಲಗಡೆಯದನ್ನೂ ಹಾಕಿಸಿದೆವು. ಕಾರು ನಿಜಕ್ಕೂ ಸದ್ದಿಲ್ಲದೆ ಓಡಿತು. ಒಳ್ಳೆಯ ದಿನ ಬಂದಾಗ ಮಾವ ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು. ದೇವನಹಳ್ಳಿ ದಾಟಿ ಹೊಸಕೋಟೆ ಸೇರುವವರೆಗೂ ಪಕ್ಕದಲ್ಲಿ ಬಿಗಿಯಾಗಿ ಕೂತಿದ್ದರು. ಅತ್ತೆ ಬಾಗಿಲಿಗೆ ಬಂದವರು ಸ್ಟೇರಿಂಗಿನ ಹಿಂದೆ ನನ್ನನ್ನು ನೋಡಿ ಹೊಸಲಿನಲ್ಲೇ ನಿಂತರು. ಆಮೇಲೆ ಗಂಡನನ್ನು ನೋಡಿದರು. ಮಾವ ತಮ್ಮ ಚಪ್ಪಲಿ ನೋಡುತ್ತಿದ್ದರು. ಅತ್ತೆ ಮಗುವನ್ನು ಎತ್ತಿಕೊಂಡು, ಮಗಳನ್ನು ಹತ್ತಿಸಿಕೊಂಡು, ಮೊದಲನೇ ಸಲ ಹಿಂದಿನ ಸೀಟಿನಲ್ಲಿ ಕೂತರು.

ದಾರಿಯಲ್ಲಿ ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಓಡಿಸುತ್ತಿದ್ದವನು ನಾನು, ನನ್ನ ಕಿವಿ ಆಗ ಚೆನ್ನಾಗಿತ್ತು. ಆದರೂ ಅತ್ತೆ ಕೈ ಚಾಚಿ ಮಾವನ ಹೆಗಲನ್ನು ಮೆಲ್ಲಗೆ ತಟ್ಟಿದರು. ಮಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಊರು ಬರುವವರೆಗೂ ಈ ಕಡೆ ತಿರುಗಲೇ ಇಲ್ಲ.

ಅದಾದ ಮೇಲೆ ಮಾವ ಕಾರು ಮುಟ್ಟಲಿಲ್ಲ. ಕೇಳಿದವರಿಗೆಲ್ಲ ಮಂಡಿನೋವು ಎಂದರು. ನಾನೂ ಮಂಡಿನೋವು ಎಂದೇ ಹೇಳಿದೆ. ಕೆಲವು ವರ್ಷದ ಮೇಲೆ ಅತ್ತೆ ಹೋದರು. ಆಮೇಲೆ ಮಾವ ಜಗಲಿಯ ಮೇಲೆ ಕೂತಿರುತ್ತಿದ್ದರು, ಮಾತಾಡಿಸಿದರೆ ನಗುತ್ತಿದ್ದರು, ಅಷ್ಟೇ. ಒಂದು ದಿನ ಅವರೂ... ಈಗ ಆ ಜಾಗದಲ್ಲಿ ಬೇರೆಯವರು ಮನೆ ಕಟ್ಟಿದ್ದಾರೆ. ಮಾವ ಅತ್ತೆಯದು ಒಂದು ಫೋಟೋ ಕೂಡ ನನ್ನ ಹತ್ತಿರವಿಲ್ಲ.

ನಿನ್ನೆ ನನ್ನ ಕಾರನ್ನು ಗ್ಯಾರೇಜಿಗೆ ಒಯ್ದೆ. ಇವನು ಬೇರೆಯವನು, ಆದರೆ ಪಕ್ಕದಲ್ಲಿ ಅದೇ ಮಗ್ಗದ ಗಲಾಟೆ, ಅದೇ ಮಾತು. ಸುತ್ತು ಹಾಕಿಕೊಂಡು ಬಂದು ಯಾವ ಕಡೆ ಎಂದು ಹೇಳಿ ಎಂದ. ಆ ಬಯಲೆಲ್ಲ ಈಗ ಸೈಟುಗಳಾಗಿ ಕಲ್ಲು ನೆಟ್ಟಿದ್ದಾರೆ. ಮಧ್ಯದ ಖಾಲಿ ಜಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಿದೆ. ಹೆಂಡತಿ ಪಕ್ಕದಲ್ಲಿದ್ದಳು. ನಾನು ನೋಡುತ್ತಿದ್ದದ್ದು ಅವಳ ಮುಖವನ್ನು. ಅಂದು ಮಾವ ನನ್ನ ಮುಖದಲ್ಲಿ ಏನು ಹುಡುಕುತ್ತಿದ್ದರು ಎಂದು ಅವರದೇ ಜಾಗದಲ್ಲಿ ಕೂತಾಗ ಗೊತ್ತಾಯಿತು.

"ಎಡಕ್ಕೆ ತಿರುಗಿಸ್ದಾಗ ಅಲ್ವಾ?" ಎಂದೆ, ಧೈರ್ಯವಾಗಿಯೇ.

ಅವಳು ಪೂರ್ತಿ ನನ್ನ ಕಡೆ ತಿರುಗಿದಳು. "ಎರಡು ಕಡೆಗೂ ಬರ್ತಾ ಇದೆ. ಎಷ್ಟು ದಿನದಿಂದ ರೀ?" ಎಂದಳು. ತುಟಿ ನೋಡಿ ತಿಳಿದುಕೊಂಡೆ. ಹೊಂಗೆಮರದ ಕೆಳಗೆ ಮಾವ ಹೇಳಿದಷ್ಟನ್ನಾದರೂ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಕಲ್ಲು, ಟೈರು ಎಂದೇನೋ ತೊದಲಿದೆ.

ಅವಳು ಕೈ ತಂದು ನನ್ನ ಮೊಣಕಾಲಿನ ಮೇಲಿಟ್ಟಳು.

"ತೆಗಿಯೇ, ಜನ ನೋಡ್ತಾರೆ" ಎಂದೆ.

ಅವಳು ಆ ಕಡೆ ಮುಖ ತಿರುಗಿಸಿಕೊಂಡು ಏನೋ ಹೇಳಿದಳು. ಏನು ಹೇಳಿದಳೋ... ಇನ್ನೊಂದು ಸಲ ಹೇಳು ಎನ್ನಲು ನಾಚಿಕೆಯಾಯಿತು. ಕೈಯನ್ನಂತೂ ಅವಳು ತೆಗೆಯಲಿಲ್ಲ.