ಅತ್ತಿ ಬೀಸಿ ಮುಗಿಸಿದ ಪದ

ನೋಡ್ರಿ ಗೆಳೆಯರ, ಇವತ್ತ ಸಂಜೀಕ ತಿಕೋಟಾದಾಗ ಹೆಣ್ಣಮಕ್ಕಳ ಬೀಸುಕಲ್ಲಿನ ಪದದ ಸ್ಪರ್ಧಾ ಇತ್ತು. ಕನಮಡಿಯಿಂದ ಬಂದ ನಮ್ಮತ್ತಿ ವೇದಿಕಿ ಮ್ಯಾಲ ಕಲ್ಲಿನ ಮುಂದ ಕುಂತು ಜ್ವಾಳ ಕೇಳಿದ್ಲು.

"ಕಲ್ಲ ಬರೇ ಅಲಂಕಾರಕ್ಕ ಇಟ್ಟೇವರಿ," ಅಂದ್ರು ಸಂಘಟಕರು.

"ಖಾಲಿ ಕಲ್ಲ ತಿರುವಿದ್ರ ನನಗ ಪದಾ ನೆನಪಾಗೂದಿಲ್ಲೋ ಯಪ್ಪಾ."

ಬಾಜೂ ಮನಿಯವ್ರು ಅರ್ಧ ಸೇರು ಜ್ವಾಳ ತಂದಕೊಟ್ರು. ಅತ್ತಿ ಹಾಡಾಕ ಹತ್ತಿದ್ಲು. ತೀರಿಕೊಂಡ ತನ್ನ ಅವ್ವನ ಹೆಸರು ಪದದಾಗ ಬಂದಾಗ ಕುಂತ ಮಂದಿ ಮುಂದ ಸರದು ಕೇಳಾಕ ಹತ್ತಿದ್ರು. ಅಷ್ಟರಾಗ ಒಬ್ಬೊಬ್ಬರಿಗೆ ಕೊಟ್ಟಿದ್ದ ಮೂರು ನಿಮಿಷ ಮುಗೀತಂತ ಗಂಟಿ ಬಾರಿಸಿದ್ರು.

"ತಡಿಯೋ ತಮ್ಮಾ, ಜ್ವಾಳ ಇನ್ನಾ ಉಳದೈತಿ," ಅಂದಾಕಿ ಎಲ್ಲಾ ಬೀಸಿಯೇ ಎದ್ಲು.

ಸಮಯ ಮೀರಿದ್ದಕ್ಕ ಬಹುಮಾನ ಸಿಗಲಿಲ್ಲ. ನಂಬರ ಕಡಿಮಿ ಮಾಡಿದ ತೀರ್ಪುಗಾರ ಅಕ್ಕಾರು ಮಾತ್ರ ಹೋಗುವಾಗ ಎರಡು ರೊಟ್ಟಿಗಾಗುವಷ್ಟು ಹಿಟ್ಟ ಕೇಳಿ ಕಟಗೊಂಡ ಹೋದ್ರು.