ಅವ್ವನನ್ನು ದಡ್ಡಿಗೆ ಕಳಿಸಿದ ಅಕ್ಕೋರು

ಅಕ್ಕೋರ ಬಲಗೈ ಎಡಗೈಗಿಂತ ಒಂದೂವರೆ ಪಟ್ಟು ದಪ್ಪವಿತ್ತು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗಾಲು ಬತ್ತಿ ಹೋಗಿತ್ತು. ಆ ಕಾಲು ಮಾಡಬೇಕಾದ ಕೆಲಸವನ್ನೆಲ್ಲ ಆ ಕೈ ಊರುಗೋಲು ಹಿಡಿದು ಇಷ್ಟು ವರ್ಷ ಮಾಡಿಕೊಂಡು ಬಂದಿತ್ತು. ಹೀಗಾಗಿ ಅವರ ಕುಪ್ಪಸಗಳ ಬಲತೋಳಿಗೆ ಬೇರೆಯೇ ಅಳತೆ. ಮೂಡಲಗಿಯ ಹೊಸ ದರ್ಜಿಯೊಬ್ಬ ಅಳತೆ ಬರೆದುಕೊಂಡವರದೇ ತಪ್ಪು ಎಂದು ತಿಳಿದು ಎರಡೂ ತೋಳು ಸಮ ಮಾಡಿ ಹೊಲಿದುಕೊಟ್ಟನಂತೆ. ಅಕ್ಕೋರು ಕುಪ್ಪಸವನ್ನು ಅವನ ಕೈಗೇ ಕೊಟ್ಟು, "ತಗೋ, ನೀನ ಹಾಕ್ಕೋ, ನಿನಗ ಸಮಾ ಆಗತೈತಿ" ಅಂದಿದ್ದರಂತೆ. ಆ ಕೈಯಿಂದ ಅವರು ಬೆನ್ನು ತಟ್ಟಿದರೆ ಶಾಬಾಶ್ ಅಂದದ್ದೋ ಶಿಕ್ಷೆ ಕೊಟ್ಟದ್ದೋ ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಅಂಗವಿಕಲರಿರುವ ಮನೆಗಳಿಗೆ ಹೋಗಿ ಕಾರ್ಡು, ಪಿಂಚಣಿ, ಗಾಲಿಕುರ್ಚಿಗಳ ಅರ್ಜಿ ಬರೆದುಕೊಳ್ಳುವುದು ಅವರ ನೌಕರಿ. ಕಾಗದದ ಮೇಲೆ ಅವರು ಪುನರ್ವಸತಿ ಕಾರ್ಯಕರ್ತೆ. ಅಷ್ಟುದ್ದದ ಹೆಸರನ್ನು ಕೂಗಿ ಮುಗಿಸುವಷ್ಟರಲ್ಲಿ ಅವರ ಮೂರು ಗಾಲಿಯ ಸ್ಕೂಟರು ಮುಂದಿನ ಊರು ಸೇರಿರುತ್ತಿತ್ತು. ಆದ್ದರಿಂದ ಯಾವ ಸಾಲಿಯಲ್ಲೂ ಕಲಿಸದಿದ್ದರೂ ಅವರು ಎಲ್ಲರಿಗೂ ಅಕ್ಕೋರು.

ಅವರು ಕುಲಗೋಡದ ನಮ್ಮ ಮನೆಗೆ ಮೊದಲ ಸಲ ಬಂದಾಗ ನನಗೆ ಮೂವತ್ತೆರಡು ವರ್ಷ. ಅದಕ್ಕೆ ಎರಡು ವರ್ಷ ಹಿಂದೆ ಕಬ್ಬು ಹೇರಿದ ಟ್ರೇಲರಿನ ಮೇಲಿಂದ ಬಿದ್ದು ನನ್ನ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಜೀವವಿಲ್ಲ. ಮೇಲಿನದೆಲ್ಲ ಸರಿಯಾಗಿತ್ತು. ಆದರೆ ಅವ್ವ ಅದನ್ನು ನಂಬಿರಲಿಲ್ಲ, ದಿನ ಕಳೆದಂತೆ ನಾನೂ ನಂಬುವುದನ್ನು ಬಿಟ್ಟಿದ್ದೆ. ಅಂದು ಅವ್ವ ಮಂಚದ ಪಕ್ಕ ಕುಳಿತು ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿ ನನ್ನ ಬಾಯಿಗೆ ಇಡುತ್ತಿದ್ದಳು. ಅಕ್ಕೋರು ಹೊಸ್ತಿಲಲ್ಲಿ ನಿಂತು ಎರಡು ತುತ್ತು ನೋಡಿದರು.

"ಕೂಸಿಗೆ ಎಷ್ಟ ವರ್ಷರಿ?"

"ಮೂವತ್ತೆರಡರಿ," ಅಂದಳು ಅವ್ವ.

"ಹಲ್ಲ ಬಂದಾವೇನು?"

ನನಗೆ ಎಂಥ ಸಿಟ್ಟು ಬಂತೆಂದರೆ ಬಾಯಲ್ಲಿದ್ದ ರೊಟ್ಟಿ ನೆತ್ತಿಗೇರಿತು. ಅವ್ವ ನೆತ್ತಿ ತಟ್ಟಿದಳು. ಅಕ್ಕೋರು ಅದನ್ನೂ ನೋಡಿದರು.

ಆಮೇಲೆ ಅರ್ಜಿ ತೆಗೆದು ನನ್ನ ಹೆಸರು ಬರೆದುಕೊಂಡು, ಅವ್ವನ ಹೆಸರೇನು ಎಂದು ಕೇಳಿದರು. ತನಗೇನೂ ಆಗಿಲ್ಲ, ತಾನು ಗಟ್ಟಿಮುಟ್ಟಾಗಿದ್ದೇನೆ ಎಂದು ಅವ್ವ ಗಾಬರಿಯಾದಳು.

"ಹಾಸಿಗಿ ಹಿಡದಾಂವ ಒಬ್ಬಾಂವ, ಅಂವನ್ನ ಹಿಡಕೊಂಡ ಕುಂತಾಕಿ ಒಬ್ಬಾಕಿ," ಅಂದರು ಅಕ್ಕೋರು. "ನನ್ನ ಲೆಕ್ಕದಾಗ ಈ ಮನ್ಯಾಗ ಇಬ್ರು ಅದಾರ. ಕಡೀಕ ಊರಿಗೆ ಹೋಗಿದ್ದ ಯಾವಾಗ ನೀವು?"

ಅವ್ವ ನನ್ನ ಮುಖ ನೋಡಿದಳು. ಅವಳ ತಂಗಿ ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿದ್ದಾಳೆ. ಆ ಚಿಗವ್ವನ ಮಗಳ ಮದುವೆಗೂ ಅವ್ವ ಹೋಗಿರಲಿಲ್ಲ. ನನ್ನನ್ನು ಬಿಟ್ಟು ಹೋದದ್ದೆಂದರೆ ಹೆಚ್ಚೆಂದರೆ ಗಿರಣಿಯವರೆಗೆ, ಅದೂ ಓಡಿ ಹೋಗಿ ಓಡಿ ಬರುವುದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಅದರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಮುಂದಿನ ವಾರ ಅಕ್ಕೋರು ಒಬ್ಬ ಬಡಿಗನನ್ನು ಕರೆದುಕೊಂಡು ಬಂದು, ನಾನು ಮಲಗಿದ್ದಂತೆಯೇ ಮಂಚದ ನಾಲ್ಕೂ ಕಾಲು ಕೊಯ್ಯಿಸಿದರು. ಮಂಚ ಅವರು ತರಿಸಿದ್ದ ಗಾಲಿಕುರ್ಚಿಯ ಎತ್ತರಕ್ಕೆ ಇಳಿಯಿತು. ಗ್ಯಾಸಿನ ಒಲೆ ಕಟ್ಟೆಯಿಂದ ಬೆಂಚಿಗೆ ಬಂತು. ಕೈ ಊರಿ ಮಂಚದಿಂದ ಕುರ್ಚಿಗೆ ಜಾರುವುದನ್ನು ಕಲಿಸಲು ಅಕ್ಕೋರು ವಾರಕ್ಕೆರಡು ಸಲ ಬರತೊಡಗಿದರು.

ಮೊದಲ ದಿನವೇ ನಾನು ಮಂಚಕ್ಕೂ ಕುರ್ಚಿಗೂ ನಡುವೆ ಬಿದ್ದೆ. ಅವ್ವ ಒಳಗಿನಿಂದ ಓಡಿ ಬಂದಳು. ಅಕ್ಕೋರು ಬಾಗಿಲಿಗೆ ಊರುಗೋಲು ಅಡ್ಡ ಹಿಡಿದರು.

"ಬಿದ್ದಾಂವ ಕರದಿಲ್ಲ."

"ಬಿದ್ದಾನಲ್ಲರಿ!"

"ಬಿದ್ದಾನ, ಖರೆ. ಆದ್ರ ಕರದಿಲ್ಲ."

ನಾನೂ ಹಟಕ್ಕೆ ಬಿದ್ದು ಕರೆಯಲಿಲ್ಲ. ಸುಮಾರು ಹೊತ್ತು ನೆಲದ ಮೇಲೇ ಇದ್ದೆ. ಮಂಚದ ಕೆಳಗೆ ಎರಡು ವರ್ಷದಿಂದ ಕಳೆದುಹೋಗಿದ್ದ ಬಾಚಣಿಗೆ, ಒಂದು ಎಲೆಯಡಿಕೆ ಚೀಲ, ನೆರೆಮನೆಯವರ ಮೇಲೆ ಅವ್ವ ಅನುಮಾನಪಟ್ಟಿದ್ದ ಸ್ಟೀಲಿನ ಚಮಚ, ಎಲ್ಲವೂ ಸಿಕ್ಕವು. ಒಂದೊಂದನ್ನೇ ಹೊರಗೆ ಎಸೆದೆ. ಚಮಚ ಬಂದು ಬಿದ್ದಾಗ ಅವ್ವ ಅಳು ನಿಲ್ಲಿಸಿ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿಟ್ಟಳು. ಕೊನೆಗೆ ಮಂಚದ ಪಟ್ಟಿ ಹಿಡಿದು ಹೇಗೋ ಮೇಲೆ ಹತ್ತಿದೆ. ಅಕ್ಕೋರು ಬೆನ್ನು ತಟ್ಟಿದರು. ಅದು ಶಾಬಾಶ್ ಎಂದು ಮರುದಿನ ನೋವು ಇಳಿದ ಮೇಲೆ ಅರ್ಥವಾಯಿತು.

ಹಾಗೆಂದು ಅಕ್ಕೋರು ದೇವರಂಥವರೇನಲ್ಲ. ಕೇಳದೆ ಯಾರಾದರೂ ತೋಳು ಹಿಡಿದರೆ ಕೆಂಡವಾಗುತ್ತಿದ್ದರು. ಒಂದು ಮಳೆಗಾಲ ನಮ್ಮೂರ ಹೊರಗೆ ಎರೆಮಣ್ಣಿನಲ್ಲಿ ಅವರ ಸ್ಕೂಟರು ಹೂತುಕೊಂಡಿತು. ಮೂವರು ಗಂಡಸರು ಓಡಿ ಬಂದು ಗಾಡಿ ಸಮೇತ ಎತ್ತಲು ಬಾಗಿದರು. "ಕೈ ತಗೀರಿ! ಮೊದಲ ಕೇಳಬೇಕು, ಆಮ್ಯಾಲ ಮುಟ್ಟಬೇಕು," ಎಂದು ಅಲ್ಲೇ ಪಾಠ ಶುರುಮಾಡಿದರು. ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು, ಹೇಗೆ ಕೇಳಬೇಕು. ಒಬ್ಬೊಬ್ಬರೂ ಬೇರೆಬೇರೆಯಾಗಿ ಕೇಳಿದ ಮೇಲೆಯೇ ಅಪ್ಪಣೆಯಾಯಿತು. ಅಷ್ಟರಲ್ಲಿ ಹಿಂಬದಿಯ ಗಾಲಿ ಪೂರ್ತಿ ಮುಳುಗಿ, ಎಳೆಯಲು ಟ್ರ್ಯಾಕ್ಟರು ತರಿಸಬೇಕಾಯಿತು. ಟ್ರ್ಯಾಕ್ಟರಿನವನು ಇಳಿಯುವ ಮೊದಲೇ ಕೈ ಮುಗಿದು, "ಎಳೀಲೇನ್ರಿ ಅಕ್ಕೋರ?" ಅಂದ. ಯಾರೋ ಅವನಿಗೆ ದಾರಿಯಲ್ಲೇ ಹೇಳಿಕೊಟ್ಟಿದ್ದರು.

ಆರು ತಿಂಗಳಲ್ಲಿ ನಾನು ಸ್ವಂತ ಸ್ನಾನ ಮಾಡುತ್ತಿದ್ದೆ, ಚಹಾ ಕುದಿಸುತ್ತಿದ್ದೆ. ಅಷ್ಟರಲ್ಲಿ ದಡ್ಡಿಯಿಂದ ಕರೆ ಬಂತು. ಚಿಗವ್ವನ ಆ ಮಗಳು ಬಸುರಿ, ಸೀಮಂತದ ಕುಬಸ ಮಾಡುತ್ತಾರೆ, ಅವ್ವ ನಾಲ್ಕು ದಿನ ಮೊದಲೇ ಬರಬೇಕು. ಅವ್ವ ಆಗುವುದಿಲ್ಲ ಅಂದಳು. ಅಕ್ಕೋರು ಹೋಗಲೇಬೇಕು ಅಂದರು.

"ಇಂವಗೇನರ ಆದ್ರ?"

"ಆಗತೈತಿ. ನೀವ ಇದ್ದಾಗೂ ಆಗೇತೆಲ್ಲ?"

ಮರುದಿನ ಅಕ್ಕೋರು ನಮ್ಮ ಕಟ್ಟೆಯ ಮೇಲೆ ಓಣಿಯವರ ಸಭೆ ಸೇರಿಸಿದರು. ಎದುರುಮನೆಯ ಕಾಕಿ ಬೆಳಿಗ್ಗೆ ನಳದ ನೀರು ತುಂಬಿಸುವುದು, ಬಾಜೂಮನೆಯ ನಿವೃತ್ತ ಮಾಸ್ತರರು ಸಂತೆ ಸಾಮಾನು ತಂದುಕೊಡುವುದು. ಇದನ್ನು ಬಿಟ್ಟರೆ ಯಾರೂ ತಾವಾಗಿ ಒಳಗೆ ಬರುವಂತಿಲ್ಲ. "ಅಂವಗ ಬೇಕಾದ್ರ ಹಿತ್ತಾಳಿ ತಾಟ ಬಡೀತಾನ. ತಾಟ ಬಡದ್ರ ಬರ್ರಿ. ಇಲ್ಲಂದ್ರ ನಿಮ್ಮ ನಿಮ್ಮ ಮನ್ಯಾಗ ಕುಂದರ್ರಿ." ಮಾಸ್ತರರು ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರು.

ಅವ್ವ ಕಣ್ಣೊರೆಸಿಕೊಳ್ಳುತ್ತ ಗೋಕಾಕ ಬಸ್ಸು ಹತ್ತಿದಳು. ಅಲ್ಲಿಂದ ಮುಂದೆ ದಡ್ಡಿಗೆ. ಮೊದಲ ದಿನ ತಾಸಿಗೊಮ್ಮೆ ಫೋನು ಮಾಡಿದಳು. ಇತ್ತ ನಮ್ಮ ಓಣಿಯವರಿಗೆ ತಾಟಿನ ಸಪ್ಪಳಕ್ಕೆ ಕಾಯುವ ತಾಳ್ಮೆಯಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕಾಕಿ ಬಂದು, "ಯಾಕ ಇನ್ನೂ ಬಡದಿಲ್ಲಪಾ, ಆರಾಮ ಇಲ್ಲೇನು?" ಎಂದು ಹಣೆ ಮುಟ್ಟಿ ನೋಡಿದಳು. ಒಂದು ಗಂಟೆಯೊಳಗೆ ಐದು ಮನೆಯಿಂದ ಊಟ ಬಂತು, ಅದರಲ್ಲಿ ನಾಲ್ಕು ಮನೆಯದು ಬದನೆಕಾಯಿ. ನಾನು ಹಟ ಹಿಡಿದು ಸ್ವಂತ ಕಡಲೆಹಿಟ್ಟಿನ ಜುಣಕ ಮಾಡಿದ್ದೆ. ಅದು ಪಾತ್ರೆಯಲ್ಲೇ ಕಲ್ಲಾಗಿತ್ತು. ಮಾಸ್ತರರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಹಲ್ಲು ಮುಟ್ಟಿ ನೋಡಿಕೊಂಡು, "ಪ್ರಯತ್ನ ಛಲೋ ಐತಿ," ಅಂದರು. ಸಂಜೆ ಯಾರೋ ಅಕ್ಕೋರಿಗೆ ಸುದ್ದಿ ಮುಟ್ಟಿಸಿದರು. ಅವರು ಮೂಡಲಗಿಯಿಂದ ಫೋನಿನಲ್ಲಿ ಕಾಕಿಗೆ ಏನು ಹೇಳಿದರೋ, ಅಂದಿನಿಂದ ಓಣಿ ಸ್ತಬ್ಧವಾಯಿತು.

ಎರಡನೆಯ ದಿನ ಅವ್ವನ ಫೋನು ಬರಲಿಲ್ಲ. ಬೆಳಿಗ್ಗೆ ಬರಲಿಲ್ಲ, ಮಧ್ಯಾಹ್ನ ಬರಲಿಲ್ಲ. ನನಗೆ ಮೊದಲು ಗಾಬರಿ, ಆಮೇಲೆ, ಹೇಳಲು ನಾಚಿಕೆ, ಸಿಟ್ಟು. ನಾಲ್ಕು ಗಂಟೆಗೆ ನಾನೇ ಮಾಡಿದೆ. ಆಚೆ ಗಾಳಿಯ ಸದ್ದು, ಹೆಂಗಸರ ಗದ್ದಲ. ಅವರೆಲ್ಲ ಸೇರಿ ಹಿಡಕಲ್ ಅಣೆಕಟ್ಟು ನೋಡಲು ಹೋಗಿದ್ದರು. "ಈಗ ಆಗೂದಿಲ್ಲಪಾ, ಆಮ್ಯಾಲ ಮಾಡ್ತೇನಿ," ಅಂದಳು ಅವ್ವ. ಅಷ್ಟರಲ್ಲಿ ಯಾರೋ ಏನೋ ಅಂದರು, ಅವ್ವ ದೊಡ್ಡದಾಗಿ ನಕ್ಕಳು, ಫೋನು ಕಟ್ಟಾಯಿತು.

ಆ ನಗೆ ಯಾರದೆಂದು ಒಂದು ಕ್ಷಣ ನನಗೆ ಗುರುತೇ ಸಿಕ್ಕಿರಲಿಲ್ಲ. ನಾನು ಬಿದ್ದ ದಿನದಿಂದ ಅವಳು ಹಾಗೆ ನಕ್ಕಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನನಗೆ ನಿಜವಾಗಿ ಸಹಾಯ ಬೇಕಾಯಿತು. ಸ್ನಾನ ಮುಗಿಸಿ ಲುಂಗಿ ಸುತ್ತಿಕೊಂಡು ತಿರುಗುವಾಗ ಕುರ್ಚಿಯ ಮುಂದಿನ ಗಾಲಿ ಬಚ್ಚಲ ಮೋರಿಯಲ್ಲಿ ಸಿಕ್ಕಿಕೊಂಡು ನಾನು ಗೋಡೆಗೆ ವಾಲಿದೆ. ತಾಟು ಅಡುಗೆಮನೆಯಲ್ಲಿತ್ತು. ಕೈಗೆ ಸಿಕ್ಕದ್ದು ಚಂಬು. ಅದರಿಂದ ಬಕೆಟ್ಟನ್ನು ಬಡಿಯತೊಡಗಿದೆ. ಹೊರಗೆ ಕಾಕಿ, ಮಾಸ್ತರರು ಇಬ್ಬರೂ ಬಂದು ನಿಂತ ಸಪ್ಪಳ ಕೇಳಿಸಿತು.

"ಬಡ್ಯಾಕತ್ತಾನ, ನಡ್ರಿ ಮಾಸ್ತರ."

"ತಡಿ. ಇದು ತಾಟಿನ ಸಪ್ಪಳ ಅಲ್ಲ. ಬಕೆಟ್ಟಿಂದು."

"ಯಾವುದರ ಆಗಲಿ, ಬಡದಾನಲ್ಲರಿ!"

"ಅಕ್ಕೋರ ತಾಟ ಅಂದಾರ. ಬರಕೊಂಡೇನಿ ನಾ. ಮೊನ್ನಿ ಫೋನಿನ್ಯಾಗ ಬೈಸಿಕೊಂಡಾಕಿ ನೀನ ಅಲ್ಲೇನು?"

ನಾನು ಬಡಿಯುವುದನ್ನು ಬಿಟ್ಟು ಬಾಯಿ ತೆರೆದೆ. ಎರಡೂವರೆ ವರ್ಷದಲ್ಲಿ ನಾನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದೇ ಇಲ್ಲವೆಂದು ಆಗ ತಿಳಿಯಿತು. ಕೇಳುವ ಮೊದಲೇ ಎಲ್ಲ ಬಂದುಬಿಡುತ್ತಿತ್ತು.

"ಮಾಸ್ತರ! ನಾ ಸಿಕ್ಕೊಂಡೇನಿ, ಬರ್ರಿ!"

"ನೀ ಕರ್ಯಾಕತ್ತೀ ಅಂತ ತಿಳೀಲೇನು?" ಎಂದು ಮಾಸ್ತರರು ಹೊರಗಿನಿಂದಲೇ ಖಾತ್ರಿ ಮಾಡಿಕೊಂಡರು.

"ಹೌದ್ರಿ! ಒದರಾಕತ್ತೇನಿ!"

ಇಬ್ಬರೂ ಒಳಗೆ ಬಂದು ಕೈಕಟ್ಟಿ ನಿಂತರು, ಮುಟ್ಟಲಿಲ್ಲ. ನಾನೇ ಹೇಳಬೇಕಾಯಿತು. ಕಾಕಿ ಹಿಂದಿನ ಹಿಡಿಕೆ ಹಿಡಿಯಬೇಕು, ಮಾಸ್ತರರು ಮುಂದಿನ ಗಾಲಿ ಎತ್ತಬೇಕು, ನನ್ನ ಮೈಗೆ ಕೈ ಹಾಕುವುದು ಬೇಡ, ನಾನೇ ಗೋಡೆ ಒತ್ತಿ ನೆಟ್ಟಗಾಗುತ್ತೇನೆ. ಅವರು ಹಾಗೆಯೇ ಮಾಡಿದರು. ಅರವತ್ತೈದು ದಾಟಿದ ಮಾಸ್ತರರು, ನನಗೆ ಮೂರನೇ ಇಯತ್ತೆಯಲ್ಲಿ ಮಗ್ಗಿ ಹೇಳಿಕೊಟ್ಟವರು, ನಾನು ಹೇಳಿದಂತೆ ಮೋರಿಯಲ್ಲಿ ಮೊಣಕಾಲೂರಿದ್ದರು. ನನ್ನ ಮೈ ಎರಡೂವರೆ ವರ್ಷದ ನಂತರ ಮತ್ತೆ ನನ್ನ ಮಾತು ಕೇಳುವವರ ನಡುವೆ ಇತ್ತು.

ಐದು ದಿನಕ್ಕೆಂದು ಹೋದ ಅವ್ವ ಒಂಬತ್ತನೆಯ ದಿನ ಬಂದಳು. ಮೈ ಸ್ವಲ್ಪ ತುಂಬಿತ್ತು. ಮನೆಯನ್ನೆಲ್ಲ ಅಡ್ಡಾಡಿ ನೋಡಿದಳು. ನಾನು ಚಹಾ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ಕರಿ ಭಾಳ ಆಗೇತಿ," ಅಂದಳು. ಪೂರ್ತಿ ಕುಡಿದಳು. ಆಮೇಲೆ ಹಾಡುಹಗಲೇ ಚಾಪೆ ಹಾಸಿಕೊಂಡು ಸಂಜೆಯವರೆಗೆ ನಿದ್ದೆ ಮಾಡಿದಳು.

ಈಗ ನಾನು ಮನೆಯ ಮುಂದಿನ ಕೋಣೆಯಲ್ಲಿ ಮೊಬೈಲು ರಿಪೇರಿ ಮಾಡುತ್ತೇನೆ. ನನಗೂ ಮೂರು ಗಾಲಿಯ ಸ್ಕೂಟರು ಬಂದಿದೆ. ಕಳೆದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಎದೆನೋವು, ಎರಡೇ ದಿನ. ಅವರ ತವರು ಹುಕ್ಕೇರಿ ಕಡೆಯ ಒಂದು ಹಳ್ಳಿ. ಮಣ್ಣು ಕೊಡಲು ನಾನು ಅವ್ವನನ್ನು ಹಿಂದೆ ಕೂರಿಸಿಕೊಂಡು ಹೋದೆ. ಗೋಕಾಕ ದಾಟಿದ ಮೇಲೆ ಮೂರು ಗಾಲಿಯ ಗಾಡಿಗಳು ಕಂಡವು, ನಮ್ಮ ಮುಂದೊಂದು, ಹಿಂದೆರಡು. ಹಳ್ಳಿ ಮುಟ್ಟುವಷ್ಟರಲ್ಲಿ ಅದೊಂದು ಮೆರವಣಿಗೆಯೇ ಆಗಿ, ಇಕ್ಕಟ್ಟಾದ ಓಣಿಯಲ್ಲಿ ಹಿಂದೆ ಹೋಗಲೂ ಆಗದೆ ಮುಂದೆ ಹೋಗಲೂ ಆಗದೆ ಸಿಕ್ಕಿಕೊಂಡಿತು. ಎಲ್ಲರೂ ಹಾರ್ನು ಹಾಕುವವರೇ. ಕಣ್ಣು ಕಾಣದ ಒಬ್ಬರು ಹಿಂದಿನ ಸೀಟಿನಿಂದ ಎಲ್ಲರಿಗೂ ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳುತ್ತಿದ್ದರು, ಅಚ್ಚರಿಯೆಂದರೆ ಅದರಿಂದಲೇ ದಾರಿ ಬಿಟ್ಟಿತು.

ಮಣ್ಣು ಮುಗಿದ ಮೇಲೆ ಅಕ್ಕೋರ ಅಣ್ಣ ನಮ್ಮ ಬಳಿ ಬಂದು ಕುಳಿತರು. ಅಕ್ಕೋರು ಹದಿಮೂರು ವರ್ಷದವರಾಗುವವರೆಗೆ ಅವರ ತಾಯಿ ಅವರನ್ನು ಸೊಂಟದ ಮೇಲೇ ಹೊತ್ತು ತಿರುಗುತ್ತಿದ್ದರಂತೆ, ಕಾಲು ನೆಲಕ್ಕೆ ತಾಗಲು ಬಿಟ್ಟಿರಲಿಲ್ಲವಂತೆ. "ಅವ್ವ ಒಮ್ಮಿಂದೊಮ್ಮೆಲೆ ಹೋಗಿಬಿಟ್ಲು," ಅಂದರು ಅಣ್ಣ. "ನಾವೆಲ್ಲಾ ಮಣ್ಣಿಗೆ ಹೋಗಿದ್ವಿ. ತಿರುಗಿ ಬಂದು ನೋಡ್ತೇವಿ, ಇಕಿ ಪಡಸಾಲ್ಯಾಗ ಬಿದ್ದಾಳ. ನೀರ ಕುಡ್ಯಾಕ ಹೊಂಟಿದ್ಲಂತ. ಕೊಡ ಹತ್ತ ಹೆಜ್ಜಿ ದೂರ ಇತ್ತು. ಹೆಂಗ ಹೋಗಬೇಕಂತ ಯಾರೂ ಅಕಿಗೆ ಹೇಳಿಕೊಟ್ಟಿದ್ದಿಲ್ಲ."

ತಿರುಗಿ ಬರುವಾಗ ಅವ್ವ ಘಟಪ್ರಭಾ ಸೇತುವೆ ದಾಟಿದ ಮೇಲೆ ನನ್ನ ಹೆಗಲು ತಟ್ಟಿ ಗಾಡಿ ನಿಲ್ಲಿಸು ಅಂದಳು. ಇಳಿಯಲಿಲ್ಲ. ನನ್ನ ಬೆನ್ನ ಹಿಂದಿನಿಂದಲೇ ಮಾತಾಡಿದಳು.

"ನೀ ಬಿದ್ದ ಮ್ಯಾಲ ನಾ ದೇವರಿಗೆ ದಿನಾ ಒಂದ ಬೇಡ್ತಿದ್ದೆ. ಮೊದಲ ಇಂವನ್ನ ಕರಕೋ, ಮರುದಿನ ನನ್ನ ಕರಕೋ ಅಂತ."

ನನಗೆ ತಿರುಗಿ ನೋಡಲು ಆಗಲಿಲ್ಲ. "ಈಗ?" ಅಂದೆ.

"ಈಗೇನ ಬೇಡೂದಿಲ್ಲ," ಅಂದಳು ಅವ್ವ. "ಹೊತ್ತಾತು, ಗಾಡಿ ಬಿಡು."