ಮುರಿಗೆವ್ವ ಕಿತ್ತ ಮೊಳೆ

ಮುರಿಗೆವ್ವನನ್ನು ಯಾರಾದರೂ "ಪಾಪ" ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಪಾಪ ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು. ಎದುರುಮನೆಯಲ್ಲಿ ಕೂತು ಎಲ್ಲಾ ಕಣ್ಣಾರೆ ನೋಡಿದವಳು ನಾನು. ನಮ್ಮ ಚರ್ಚಿನ ಸಭೆಯ ಹೊಸ ಹೆಣ್ಣುಮಕ್ಕಳು ಕೇಳುತ್ತಾರೆ, "ಅಜ್ಜಿ, ಸೈತಾನನ ಎದುರು ನಿಲ್ಲೋದು ಅಂದ್ರೆ ಹೇಗೆ?" ಅಂತ. ಪಾಸ್ಟರ ಹಾಗೆ ಪ್ರಸಂಗ ಮಾಡಲು ನನಗೆ ಬರುವುದಿಲ್ಲ. ಮುರಿಗೆವ್ವನ ಕತೆ ಗೊತ್ತು, ಅದನ್ನು ಹೇಳುತ್ತೇನೆ.

ತೊಂಬತ್ತೈದು, ತೊಂಬತ್ತಾರರ ಮಾತು. ತಿಲಕ್ ನಗರದಲ್ಲಿ ನಮ್ಮ ಮನೆ ಎದುರಿಗೇ ಬೋರಯ್ಯನ ವಠಾರ. ಸಾಲಾಗಿ ಆರು ಮನೆ, ಮೇಲೆ ಶೀಟು, ನಡುವೆ ಒಂದು ನಲ್ಲಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಹೊತ್ತು ಹೋಗುತ್ತಿದ್ದದ್ದೇ ಆ ವಠಾರ ನೋಡಿಕೊಂಡು. ಬಾಗಲಕೋಟೆ ಕಡೆಯಿಂದ ಭೀಮರಾಯ ಅನ್ನೋ ಹುಡುಗ ಹೆಂಡತೀನ ಕರಕೊಂಡು ಬಂದು ಕೊನೇ ಮನೆಗೆ ಸೇರಿದ. ಅವನಿಗೆ ಗಾರೆ ಕೆಲಸ. ಹೆಂಡತಿ ಮುರಿಗೆವ್ವ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗೋಳು. ಹೊಲಿದ ಶರ್ಟುಗಳಲ್ಲಿ ಉಳಿದ ದಾರ ಕತ್ತರಿಸೋ ಕೆಲಸ. ಆಳು ಕಡ್ಡಿ ಹಾಗಿದ್ದಳು, ಬಾಯಿ ಮಾತ್ರ ಜೋರು. ನಲ್ಲಿ ಹತ್ತಿರ ಅವಳ ಕೊಡ ಸರಿಸೋ ಧೈರ್ಯ ಯಾರಿಗೂ ಇರಲಿಲ್ಲ.

ಬೋರಯ್ಯನದೊಂದು ಪದ್ಧತಿ ಇತ್ತು. ಅಮಾವಾಸ್ಯೆ ಬಂತು ಅಂದರೆ ತಾನೇ ಏಣಿ ಹೊತ್ತು ತಂದು ಆರೂ ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ಸರ ಕಟ್ಟೋನು. ವಠಾರದ ಮುಂದೆ ಬೂದುಗುಂಬಳಕಾಯಿ ಒಡೆಯೋನು. "ಬಾಡಿಗೆಯೋರು ಬರ್ತಾರೆ, ಹೋಗ್ತಾರೆ. ಬಾಗಿಲು ನನ್ದು. ದೃಷ್ಟಿ ತಾಗಿದ್ರೆ ನಂಗೇ ತಾಗೋದು" ಅನ್ನೋನು. ಒಳ್ಳೇ ಮನುಷ್ಯನೇ, ಇಲ್ಲ ಅನ್ನೋದಿಲ್ಲ.

ಆ ಮನೆಯಲ್ಲಿ ಮುರಿಗೆವ್ವನಿಗೆ ಎರಡು ಕೂಸು ಆದವು, ಎರಡೂ ಉಳಿಯಲಿಲ್ಲ. ಒಂದು ಹುಟ್ಟುತ್ತಲೇ ಹೋಯಿತು. ಇನ್ನೊಂದು ಹೆಣ್ಣು, ಕಣ್ಣು ಬಿಟ್ಟು ತಾಯಿ ಮುಖ ನೋಡಿ ಸಂಜೆಗೆ ಹೋಯಿತು. ಬಾಗಿಲ ಮೇಲಿನ ನಿಂಬೆಹಣ್ಣು ಆಗಿನ್ನೂ ಹೊಸದು.

ಅಲ್ಲಿಂದ ಅವಳ ಬಾಯಿ ನಿಂತುಹೋಯಿತು. ಕೊಡ ಯಾರು ಸರಿಸಿದರೂ ಸುಮ್ಮನಿರೋಳು. ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಹೆಂಗಸರ ಪ್ರಾರ್ಥನೆ ನಡೆಯುತ್ತಿತ್ತು. ಒಂದು ಸಂಜೆ ಹಾಡು ಕೇಳಿ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾರಮ್ಮ ಅಂದೆ.

"ಬರಬೇಕಂದ್ರ ಏನ್ ತರಬೇಕ್ರಿ? ಕಾಯಿ, ಕರ್ಪೂರ?"

"ಏನೂ ಬೇಡ."

"ಏನೂ ತರಲಿಲ್ಲಂದ್ರ ನಿಮ್ ದೇವ್ರು ಮಾತಾಡಸ್ತಾನೇನ್ರಿ?"

"ಕೂತು ನೋಡು. ಮಾತಾಡಿಸಲಿಲ್ಲ ಅಂದ್ರೆ ಎದ್ದು ಹೋಗು."

ಕೂತಳು. ಅವತ್ತು ಎದ್ದು ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಮುಂದಿನ ವರ್ಷ ದೀಕ್ಷಾಸ್ನಾನ ಆಯಿತು. ಪಾಸ್ಟರು, "ಮೇರಿ ಅಂತ ಹೆಸರಿಡೋಣವೇ?" ಅಂದಾಗ ನೀರಿನಲ್ಲಿ ನಿಂತುಕೊಂಡೇ, "ಯಾಕ್ರಿ? ದೇವ್ರು ಮುರಿಗೆವ್ವ ಅಂತ್ಲೇ ಕರದಾನ, ಓ ಅಂದೀನಿ" ಅಂದಳು. ಹೋದ ಬಾಯಿ ವಾಪಸು ಬಂತು ಅಂತ ನನಗೆ ಗೊತ್ತಾಯಿತು. ಭೀಮರಾಯ ಬೇಡ ಅನ್ನಲಿಲ್ಲ. "ನಿನ್ ದೇವ್ರು ನಿನಗ, ನನ್ ದೇವ್ರು ನನಗ. ಸಾರಿಗೆ ಉಪ್ಪು ಮಾತ್ರ ಇಬ್ಬರಿಗೂ ಸರಿ ಹಾಕು" ಅಂದನಂತೆ.

ದೀಕ್ಷಾಸ್ನಾನದ ಮಾರನೇ ದಿನವೇ ನಿಂಬೆಹಣ್ಣಿನ ಸರ ಕಿತ್ತು ಎಸೆದಳು. ಆದರೆ ಮೊಳೆ ಹಾಗೇ ಇತ್ತಲ್ಲ. ತಲೆನೋವಿನ ಮುಲಾಮಿನ ಖಾಲಿ ಸೀಸೆ ತೊಳೆದು, ಕೊಬ್ಬರಿ ಎಣ್ಣೆ ತುಂಬಿ, ಪಾಸ್ಟರ ಕೈಲಿ ಪ್ರಾರ್ಥನೆ ಮಾಡಿಸಿಕೊಂಡು ಬಂದು ಅದೇ ಮೊಳೆಗೆ ಕೆಂಪು ದಾರದಲ್ಲಿ ಕಟ್ಟಿದಳು. ಏನೋ ಒಂದು ಕಟ್ಟಿದ್ದಾಳಲ್ಲ ಅಂತ ಬೋರಯ್ಯನೂ ಆ ಬಾಗಿಲಿನ ಸರ ಬಿಟ್ಟ. ಬೆಳಿಗ್ಗೆ ಬಸ್ಸಿಗೆ ಓಡುವಾಗ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋಳು. ಮರೆತು ಹೋದ ದಿನ ರಸ್ತೆ ತಿರುವಿನಿಂದ ವಾಪಸು ಓಡಿಬಂದು ಮುಟ್ಟಿ ಹೋಗೋಳು. ಬಸ್ಸು ತಪ್ಪಿದರೂ ಪರವಾಗಿಲ್ಲ, ಸೀಸೆ ತಪ್ಪಬಾರದು.

ಮೂರನೇ ಸಲ ಗರ್ಭ ನಿಂತಿತು. ಭೀಮರಾಯನ ತಾಯಿ ತಂಗೆವ್ವ ಊರಿಂದ ಬಂದು ಇಳಿದಳು. ಕಂಕುಳಲ್ಲಿ ಜೋಳದ ಹಿಟ್ಟಿನ ಗಂಟು, ಸೆರಗಿನ ತುದಿಯಲ್ಲಿ ಅರಿಸಿನ ಕೊಂಬು ಕಟ್ಟಿದ ಹರಕೆಯ ದಾರ. ಸೊಸೆಯ ರಟ್ಟೆಗೆ ಕಟ್ಟಬೇಕು, ಕೂಸು ಉಳಿಯುತ್ತದೆ, ಇಷ್ಟೇ ಅವಳ ಹಟ. ಸೊಸೆ ಒಲ್ಲೆ ಅಂದಳು. ಆಸ್ಪತ್ರೆಗೆ ಹೋಗೋದು, ಮಾತ್ರೆ ನುಂಗೋದು ಒಂದೂ ತಪ್ಪಿಸುತ್ತಿರಲಿಲ್ಲ, ದಾರ ಮಾತ್ರ ಬೇಡ. ದಿನಾ ಇದೇ ಗಲಾಟೆ. ಆದರೆ ಅದೇ ಅತ್ತೆ ರೊಟ್ಟಿ ಬಡಿದು ಸೊಸೆಗೆ ಬಿಸಿಬಿಸಿಯಾಗಿ ತಿನ್ನಿಸೋಳು, ಕಾಲಿಗೆ ಎಣ್ಣೆ ತಿಕ್ಕೋಳು. ಕೆಟ್ಟವಳಾಗಿದ್ದರೆ ಎದುರಿಸೋದು ಸುಲಭ. ತಂಗೆವ್ವ ಪ್ರೀತಿಯಿಂದ ಹೆದರಿಸುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ ಗಾಳಿಗೆ ಬಾಗಿಲು ಧಡಾರನೆ ಬಡಿದುಕೊಂಡು ಸೀಸೆ ಬಿದ್ದು ಒಡೆಯಿತು. ಹೊಸ್ತಿಲ ತುಂಬಾ ಎಣ್ಣೆ.

"ಎಣ್ಣಿ ಚೆಲ್ತು! ಯವ್ವಾ, ಹೊಸ್ತಿಲ ಮ್ಯಾಲ ಎಣ್ಣಿ ಚೆಲ್ತು!" ಅಂತ ತಂಗೆವ್ವ ಎದೆ ಬಡಕೊಂಡಳು. ವಠಾರವೆಲ್ಲಾ ಬಂದು ಸೇರಿತು. ಮೊದಲನೇ ಮನೆಯವಳು, "ನೋಡ್ದ್ಯಾ, ನಿಮ್ ಯೇಸುನೂ ಬಿದ್ಹೋದ" ಅಂತ ನಕ್ಕಳು. ಬೋರಯ್ಯ ಮಾತ್ರ ಮೆತ್ತಗೆ, "ನಾಳೆ ಹೇಗೂ ಅಮಾವಾಸ್ಯೆ. ಒಂದ್ ಸರ ಕಟ್ಟಿಬಿಡ್ತೀನಿ ಬಿಡಮ್ಮ" ಅಂದ.

ಮುರಿಗೆವ್ವ ಒಡೆದ ಸೀಸೆಯ ಚೂರು ಕೈಯಲ್ಲಿ ಹಿಡಿದೇ ರಸ್ತೆ ದಾಟಿ ನನ್ನ ಹತ್ತಿರ ಬಂದಳು.

"ಅಮ್ಮಾರ, ಒಂದ್ ಖಾಲಿ ಸೀಸೆ ಐತೇನ್ರಿ? ಸಣ್ಣದು. ಲಗೂನ ಕಟ್ಟಬೇಕ್ರಿ. ಬಾಗ್ಲಾ ಬರೀದಾಗೈತಿ."

ಗೂಡಿನಲ್ಲಿ ಸೀಸೆಗಳು ಬೇಕಾದಷ್ಟಿದ್ದವು. ಆದರೆ ಅವಳ ಕೈ ನಡುಗುತ್ತಿತ್ತು. ನಿಂಬೆಹಣ್ಣು ಬಾಡಿ ಉದುರಿದರೆ ವಠಾರದ ಹೆಂಗಸರ ಕೈ ನಡುಗುತ್ತದಲ್ಲ, ಥೇಟು ಹಾಗೆ.

"ಇಷ್ಟು ದಿನ ನಿನ್ನ ಕಾದಿದ್ದು ಸೀಸೆಯೇನೇ?" ಅಂದೆ.

ಸಿಟ್ಟು ಬಂತು ಅವಳಿಗೆ. "ನಿಮ್ ಬಾಗ್ಲಕ್ಕ ಶಿಲುಬಿ ಐತಲ್ರಿ ಮತ್ತ! ನಿಮಗೊಂದು ನ್ಯಾಯ, ನಮಗೊಂದೇನು?"

"ಅದು ಕಾಯೋಕಲ್ಲ ಕಣೇ. ಇದು ಯಾರ ಮನೆ ಅಂತ ಹೇಳೋಕೆ, ಬೋರ್ಡಿನ ಹಾಗೆ. ನಾಳೆ ಬಿದ್ದು ಮುರಿದರೆ ಒಲೆಗೆ ಹಾಕ್ತೀನಿ, ಅದರಲ್ಲೇ ಅನ್ನ ಬೇಯಿಸ್ತೀನಿ, ಉಂಡು ಇನ್ನೊಂದು ಮಾಡಿಸ್ತೀನಿ."

ಮುರಿಗೆವ್ವ ನನ್ನನ್ನೇ ನೋಡಿದಳು. ಆಮೇಲೆ ಕೈಯಲ್ಲಿದ್ದ ಗಾಜಿನ ಚೂರು ನೋಡಿದಳು. "ಅಂದ್ರ ನಾ ನಿಂಬಿಹಣ್ಣು ಇಳಿಸಿ, ಯೇಸುಸ್ವಾಮೀನ ನಿಂಬಿಹಣ್ಣು ಮಾಡಿ ಕಟ್ಟೀನಿ" ಅಂದಳು. ಆ ಮಾತು ನಾನು ಹೇಳಿಕೊಟ್ಟದ್ದಲ್ಲ. ಎಷ್ಟು ಪ್ರಸಂಗ ಕೇಳಿದ್ದೇನೋ, ಅಂಥಾ ಮಾತು ಮತ್ತೆ ಕೇಳಿಲ್ಲ.

ಹೋದವಳೇ ಗಂಡನ ಸುತ್ತಿಗೆ, ಇಕ್ಕಳ ತಂದು, ಹೊಟ್ಟೆ ಹೊತ್ತುಕೊಂಡು ಸ್ಟೂಲು ಹತ್ತಿದಳು. ಅತ್ತೆ ಕೆಳಗೆ ನಿಂತು ಬೈಯುತ್ತಲೇ ಸ್ಟೂಲು ಅಲ್ಲಾಡದ ಹಾಗೆ ಹಿಡಿದುಕೊಂಡಳು. ಮೊಳೆ ಕಿತ್ತಳು. ಬೋರಯ್ಯ ಓಡಿ ಬಂದ.

"ಏಯ್, ಏನಮ್ಮ ಇದು? ನನ್ನ ಬಾಗಿಲ ಮೊಳೆ ಅದು!"

"ತಗೋರಿ ನಿಮ್ ಮೊಳಿ" ಅಂತ ಅವನ ಅಂಗೈಗೆ ಹಾಕಿದಳು. "ಬಾಗ್ಲಾ ನಿಮ್ದು. ಒಳಗ ಇರಾಕಿ ನಿಮ್ಮಾಕಿ ಅಲ್ಲ, ಇನ್ನೊಬ್ಬಾಂವನಾಕಿ. ಅಂವ ಏಣಿ ತರೂದಿಲ್ಲ, ನಿಂಬಿಹಣ್ಣೂ ತರೂದಿಲ್ಲ."

"ಬಸುರಿ ಹೆಂಗ್ಸು ಅಂತ ಸುಮ್ನಿದೀನಿ."

"ಹಡದ ಮ್ಯಾಲ ಬರ್ರಿ, ಅವಾಗೂ ಇದ ಮಾತು."

ತೂತಿಗೆ ಬಟ್ಟೆ ಸೋಪಿನ ಚೂರು ಮೆತ್ತಿದಳು. ಆರು ಬಾಗಿಲಲ್ಲಿ ಅದೊಂದೇ ಬೋಳು ಬಾಗಿಲು. ನೋಡಿದರೆ ನನಗೇ ಒಂಥರಾ ಅನ್ನಿಸೋದು, ಸುಳ್ಳು ಯಾಕೆ ಹೇಳಲಿ. ಸೈತಾನ ಅಂದರೆ ಕೋರೆಹಲ್ಲು, ಕೊಂಬು ಅಂತ ಹುಡುಗಿಯರು ಅಂದುಕೊಂಡಿದ್ದಾರೆ. ನಾನು ಕಂಡ ಹಾಗೆ ಅವನು ಕಿವಿಯಲ್ಲಿ "ಏನಾದರೂ ಒಂದು ಕಟ್ಟು, ಕಟ್ಟದಿದ್ದರೆ ನೋಡು" ಅಂತ ಪಿಸುಗುಟ್ಟುತ್ತಾನೆ, ಅಷ್ಟೇ. ನಮ್ಮ ಯುದ್ಧ ತಂಗೆವ್ವನ ಮೇಲಲ್ಲ, ಬೋರಯ್ಯನ ಮೇಲಲ್ಲ. ಆ ಪಿಸುಮಾತಿನ ಮೇಲೆ.

ದಿನ ತುಂಬುವ ಮೊದಲೇ ನೋವು ಬಂತು. ಮಧ್ಯಾಹ್ನ ಊಟದ ಹೊತ್ತು. ಭೀಮರಾಯ ಆಟೋ ತಂದ. ಮುರಿಗೆವ್ವನನ್ನು ನಾನು ಹಿಡಿದು ಕೂರಿಸಿದೆ. ತಂಗೆವ್ವ ಬಂದು ಆಟೋ ಮುಂದೆ ನಿಂತಳು, ಕೈಯಲ್ಲಿ ದಾರ.

"ಕಟ್ಟಿಸ್ಕೊ. ಇಲ್ಲಂದ್ರ ನನ್ ಮ್ಯಾಲ ಹಾಯಿಸ್ಕೊಂಡು ಹೋಗ್ರಿ. ನಿನಗಲ್ಲಬೇ, ನನ್ ಮೊಮ್ಮಗಗ ಕಟ್ಟತೀನಿ. ನಿನ್ ಕಾಲಿಗೆ ಬೀಳ್ತೀನಿ."

ಮುದುಕಿ ಅಳುತ್ತಿದ್ದಳು. ವಠಾರ ಪೂರ್ತಿ ನೋಡುತ್ತಿತ್ತು. ಭೀಮರಾಯ ಹೆಂಡತಿ ಕಡೆ ಬಗ್ಗಿ, "ಒಂದ್ ದಾರ ಮುರಿಗಿ. ಕಟ್ಟಿಸ್ಕೊ, ಆಮ್ಯಾಲ ಕತ್ತರಿಸೀಯಂತ. ದಿನಾ ದಾರ ಕತ್ತರಸಾಕಿ ಅಲ್ಲೇನ್ ನೀ?" ಅಂದ.

ನೋವಿಗೆ ಹಲ್ಲು ಕಚ್ಚಿಕೊಂಡಿದ್ದವಳು ಅವನಿಗೆ ಹೇಳಿದಳು. "ಇದನ್ನ ಕಟ್ಟಿಸ್ಕೊಂಡ್ರ ಆಮ್ಯಾಲ ಕತ್ತರಸಾಕ ಬರೂದಿಲ್ರಿ. ಕೂಸು ಉಳದ್ರ ನನ್ ದೇವ್ರದು. ಉಳೀಲಿಲ್ಲಂದ್ರೂ ಅವನ್ದ. ದಾರ ನಾ ಒಲ್ಲೆ."

ಆಮೇಲೆ ಅತ್ತೆ ಕಡೆ ಕೈ ಚಾಚಿದಳು. "ಅತ್ತಿ, ನೀವು ಏರ್ರಿ. ದಾರ ನಿಮ್ ರಟ್ಟಿಗೆ ಕಟ್ಕೊಂಡು ಬರ್ರಿ. ಅದು ಬ್ಯಾಡ ನನಗ, ನೀವು ಬೇಕು."

ಆಟೋದವನು, "ಬೇಗ ಹತ್ತಜ್ಜಿ, ನನ್ನ ಗಾಡೀಲೇ ಆಗೋಗುತ್ತೆ" ಅಂತ ಕೂಗಿದ. ಮುದುಕಿ ಹಲ್ಲಿನಲ್ಲಿ ಎಳೆದು ತನ್ನ ರಟ್ಟೆಗೇ ದಾರ ಬಿಗಿದುಕೊಂಡು ಹತ್ತಿದಳು. ಸೊಸೆ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡಳು.

ಗಂಡು ಕೂಸು. ಉಸಿರಿರಲಿಲ್ಲ. ಹೊಟ್ಟೆಯಲ್ಲೇ ಹೋಗಿ ಒಂದೆರಡು ದಿನವಾಗಿದೆ, ಯಾರದೂ ತಪ್ಪಲ್ಲ ಅಂತ ಡಾಕ್ಟರಮ್ಮ ಹೇಳಿದರು. ವಠಾರಕ್ಕೆ ಡಾಕ್ಟರಮ್ಮನ ಮಾತು ಯಾಕೆ? ಮೊಳೆ ಕಿತ್ತಳು, ಕೂಸು ಹೋಯಿತು. ಅಲ್ಲಿಗೆ ಲೆಕ್ಕ ಮುಗಿಯಿತು ಅವರದು. "ಹಟ ಸಾಧಿಸಿದ್ಲು, ಸೋತ್ಲು" ಅಂದರು.

ಸೋತಳೇ? ಕೇಳಿ.

ಮುಂದಿನ ಅಮಾವಾಸ್ಯೆಗೆ ಬೋರಯ್ಯ ಏಣಿ ತಂದು ಅವಳ ಬಾಗಿಲಿಗೆ ಒರಗಿಸಿದ. ನಾನೂ ಅಲ್ಲೇ ಕೂತಿದ್ದೆ, ಗಂಜಿ ಕುಡಿಸುತ್ತಾ. ಕೊಂಕು ಮಾತೇನೂ ಆಡಲಿಲ್ಲ ಅವನು, ಜೇಬಿನಿಂದ ಆ ಮೊಳೆ ತೆಗೆದ ಅಷ್ಟೇ. ಜೋಪಾನವಾಗಿ ಇಟ್ಟುಕೊಂಡಿದ್ದ. ಚಾಪೆ ಮೇಲೆ ಮಲಗಿದ್ದ ಮುರಿಗೆವ್ವ ಗೋಡೆ ಹಿಡಿದು ಎದ್ದಳು. ಹೊಸ್ತಿಲಲ್ಲಿ ನಿಂತಳು.

"ಏಣಿ ತೆಗೀರಿ ಬೋರಯ್ಯಾರ."

"ಇನ್ನೂ ಬುದ್ಧಿ ಬರ್ಲಿಲ್ವೇನಮ್ಮ ನಿಂಗೆ?"

"ನಿಮ್ ನಿಂಬಿಹಣ್ಣು ಇದ್ದಾಗ ಎರಡು ಹ್ವಾದುವು. ಅವಾಗ ನಿಮಗ ಯಾರರ ಬುದ್ಧಿ ಹೇಳಿದ್ರೇನ್ರಿ?"

ಬೋರಯ್ಯ ಮೊಳೆಯನ್ನು ಮತ್ತೆ ಜೇಬಿಗೆ ಹಾಕಿದ. ಒಳಗಿನಿಂದ ತಂಗೆವ್ವ ಮಾತು ಎಸೆದಳು. "ಹಂಗಾರ ನಿನ್ ದೇವ್ರರ ಉಳಿಸಿದ್ನೇನ? ಹೇಳು!"

ಇಡೀ ವಠಾರಕ್ಕೆ ಬೇಕಾಗಿದ್ದ ಮಾತು ಅದು. ನಾನು ತಲೆ ತಗ್ಗಿಸಿದೆ.

"ಉಳಸ್ಲಿಲ್ಲ" ಅಂದಳು ಮುರಿಗೆವ್ವ. ಕಣ್ಣಲ್ಲಿ ನೀರು ಸುರೀತಿತ್ತು, ದನಿ ಮಾತ್ರ ನಲ್ಲಿ ಹತ್ತಿರದ ದನಿ. "ಯಾಕ ಉಳಸ್ಲಿಲ್ಲ ಅಂತ ದಿನಾ ಅವನ ಕೂಡ ಜಗಳಾ ತಗದೀನಿ, ಅತ್ತಿ. ಅದು ನಂದೂ ಅವನ್ದೂ ಜಗಳ. ಆದ್ರ ಕೂಸು ಕೊಡ್ತಾನಂತ ನಾ ಅವನ್ನ ಹಿಡದಿದ್ದಿಲ್ಲ. ಕೂಸು ಹೋತಂತ ಬಿಡಾಕೂ ಒಲ್ಲೆ. ಅಂವ ನಾ ಮೊಳಿಗೆ ಕಟ್ಟಿದ ಸೀಸೆ ಅಲ್ಲ, ಒಡದು ಹೋಗಾಕ."

ಬೋರಯ್ಯ ಏಣಿ ಹೊತ್ತುಕೊಂಡು ಹೋದ. ಬಾಣಂತನ ಮುಗಿದ ಭಾನುವಾರ ಅವಳು ನನ್ನ ಕೈ ಹಿಡಿದು ಸಭೆಗೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಹಾಡಿನಲ್ಲಿ ಬಾಯಿ ತೆರೆಯಲಿಲ್ಲ. ಜಗಳ ಇನ್ನೂ ಮುಗಿದಿರಲಿಲ್ಲವಂತೆ. ಆದರೂ ಬಂದಿದ್ದಳು. ಆರನೇ ಬಾಗಿಲು ಅವರು ಮನೆ ಬಿಡುವ ತನಕ ಬೋಳಾಗೇ ಇತ್ತು.

ಊರಿನ ನೆಂಟರು ಭೀಮರಾಯನಿಗೆ ಇನ್ನೊಂದು ಮದುವೆ ಮಾಡಬೇಕು ಅಂತ ಬಂದು ಕೂತಿದ್ದೂ ಉಂಟು. "ಒಬ್ಬಾಕಿ ಬಾಯಿಗೇ ನಾ ಸಾಕಾಗೀನಿ" ಅಂತ ಅವನು ಚಹಾ ಕುಡಿಸಿ ಕಳಿಸಿದ. ಮಕ್ಕಳು ಮತ್ತೆ ಆಗಲಿಲ್ಲ. ಕೊನೆಗೆ ಕೊಟ್ಟನಲ್ಲ ದೇವರು ಅಂತ ಹೇಳಲು ನನಗೆ ಆಸೆಯೇ. ಆಗಲಿಲ್ಲ, ಆದ್ದರಿಂದ ಹೇಳುವುದಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಇರಬೇಕು, ಕುಮಾರಸ್ವಾಮಿ ಲೇಔಟಿನಲ್ಲಿ ಅವರ ಹೊಸ ಬಾಡಿಗೆ ಮನೆಗೆ ಹೋಗಿದ್ದೆ. ಮುರಿಗೆವ್ವ ಇನ್ನೂ ಕೆಲಸದಿಂದ ಬಂದಿರಲಿಲ್ಲ. ತಂಗೆವ್ವ ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಪೂರ್ತಿ ಹಣ್ಣಾಗಿದ್ದಳು. ಅವಳ ರಟ್ಟೆಯಲ್ಲಿ ಆ ದಾರ ಹಾಗೇ ಇತ್ತು, ಬಣ್ಣ ಹೋಗಿ ಕಪ್ಪಗಾಗಿತ್ತು. ಸೊಸೆ ಬಿಚ್ಚು ಅಂದಿರಲಿಲ್ಲ, ಅತ್ತೆ ಬಿಚ್ಚಿರಲಿಲ್ಲ. ತಲೆ ಮೇಲಿನ ಬಾಗಿಲು ಬೋಳು.

ಪಕ್ಕದ ಮನೆಯವಳು ನಡುವೆ ಬಾಯಿ ಹಾಕಿದಳು. "ಏನಜ್ಜಿ, ಹೊಸ ಮನೆಗೆ ಬಂದು ಇಷ್ಟ್ ದಿನ ಆಯ್ತು, ಬಾಗಿಲಿಗೆ ಏನೂ ಕಟ್ಟಿಲ್ವಲ್ಲ? ಒಂದ್ ನಿಂಬೆಹಣ್ಣಾದ್ರೂ ಕಟ್ಬಾರ್ದಾ? ಮೊಳೆ ಬೇಕಾದ್ರೆ ನಾ ಕೊಡ್ತೀನಿ."

ತಂಗೆವ್ವ ಸೊಪ್ಪಿನ ದಂಟು ಪಟ್ಟನೆ ಮುರಿದಳು.

"ನಿನ್ ಮೊಳಿ ನೀನ ಇಟ್ಕೋಬೇ. ನಮ್ ಸೊಸಿ ಮನ್ಯಾಗ ಮೊಳಿ ಹೊಡಿಯೂದಿಲ್ಲ."